ಮೆಲ್ಬರ್ನಿನಲ್ಲಿ ಮಂಗಳೂರು ಮೇಣ

ಮೆಲ್ಬರ್ನ್ ವಿಮಾನ ನಿಲ್ದಾಣ

ಸರಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಕೂತವನಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ಎದುರಿಗೆ ಫಾರಂ ಇಟ್ಟರೆ ಒಂದು ಕಾಲಮನ್ನೂ ಖಾಲಿ ಬಿಡಲು ಮನಸ್ಸಾಗುವುದಿಲ್ಲ. ವಿಮಾನದಲ್ಲಿ ಹಂಚಿದ ಕಾರ್ಡಿನಲ್ಲಿ ತಿಂಡಿ ಇದೆಯೇ, ಬೀಜ ಇದೆಯೇ, ಪ್ರಾಣಿ-ಕೀಟಗಳಿಂದ ಬಂದ ವಸ್ತು ಇದೆಯೇ ಎಂದೆಲ್ಲ ಕೇಳಿದ್ದರು. ಉಳಿದವರು ಇಲ್ಲ, ಇಲ್ಲ ಎಂದು ಗೀಚಿ ನಿದ್ದೆಹೋದರು. ನಾನು ಎಲ್ಲದಕ್ಕೂ ಹೌದು ಎಂದು ಗುರುತು ಹಾಕಿ, ಜಾಗ ಸಾಲದೆ ಅಂಚಿನಲ್ಲಿಯೂ ಬರೆದೆ.

ತಪಾಸಣೆಯ ಮೇಜಿನ ಹಿಂದೆ ಇದ್ದವಳು ನನ್ನ ತಂಗಿಯ ಪ್ರಾಯದ ಹೆಂಗಸು. ಉಪ್ಪಿನಕಾಯಿಯನ್ನು ನೋಡಿದಳು, ಹಪ್ಪಳವನ್ನು ನೋಡಿದಳು, ಕೊನೆಗೆ ಬಾಳೆಎಲೆಯಲ್ಲಿ ಸುತ್ತಿದ ಹಳದಿ ಮುದ್ದೆಯನ್ನು ಎತ್ತಿ ಹಿಡಿದು ಇದೇನು ಎಂದಳು.

“ಜೇನುಮೇಣ,” ಎಂದೆ.

“ಯಾವುದಕ್ಕೆ?”

“ಕೋವಿಗೆ.”

ವಿಮಾನ ನಿಲ್ದಾಣದಲ್ಲಿ ನಿಂತು ಕೋವಿ ಎನ್ನಬಾರದು ಎಂಬುದು ಎಲ್.ಕೆ.ಜಿ. ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ಅವಳು ಕೇಳಿದ್ದು ‘ಉದ್ದೇಶ’ದ ಕಾಲಂ; ಅಲ್ಲಿ ನಿಜವಾದ ಉದ್ದೇಶವನ್ನೇ ಬರೆಯಬೇಕು. ಮುಂದಿನ ಒಂದು ಗಂಟೆ ನಾನು ಗೋಡೆಗೆ ಒರಗಿಸಿದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಮೂವರು ಅಧಿಕಾರಿಗಳಿಗೆ ಸರದಿಯಲ್ಲಿ, ನನ್ನ ತಂಗಿಯ ಗಂಡ ಕ್ಲಬ್ಬಿನಲ್ಲಿ ಹಳೇ ಕಾಲದ ಕೋವಿ ಹೊಡೆಯುತ್ತಾನೆ, ಅದರ ಗುಂಡಿಗೆ ಸುತ್ತುವ ಬಟ್ಟೆಗೆ ಸವರಲು ಈ ಮೇಣ ಎಂದು ವಿವರಿಸಿದೆ. ಮೂರನೆಯವನು ಸುಸ್ತಾಗಿ ನಕ್ಕುಬಿಟ್ಟ. ಕೋವಿಯ ಬಗ್ಗೆ ಅವರಿಗೆ ತಕರಾರು ಇರಲಿಲ್ಲ. ಮೇಣದೊಳಗೆ ಜೇನಿನ ರೋಗ ಬಂದೀತು ಎಂಬುದೇ ಅವರ ಚಿಂತೆಯಾಗಿತ್ತು. ನನ್ನನ್ನು ಒಳಗೆ ಬಿಟ್ಟು ಮೇಣವನ್ನು ತಾವೇ ಇಟ್ಟುಕೊಂಡರು.

ಕ್ಲೇಟನ್

ನನ್ನ ತಂಗಿಯ ಮನೆ ಮೆಲ್ಬರ್ನಿನ ಈ ಬಡಾವಣೆಯಲ್ಲಿ. ತಂಗಿ ಜೆಸ್ಸಿ ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್. ಅವಳ ಗಂಡ ವಿನ್ಸೆಂಟ್ ಡಾಕ್‌ಲ್ಯಾಂಡ್ಸ್‌ನಲ್ಲಿ ಯಾವುದೋ ಬ್ಯಾಂಕಿನ ಕಂಪ್ಯೂಟರುಗಳನ್ನು ಎಚ್ಚರವಾಗಿಡುವ ಕೆಲಸದಲ್ಲಿದ್ದಾನೆ. ಬಂದು ಹದಿನಾಲ್ಕು ವರ್ಷವಾಯಿತು. ಮಗಳು ರಿಯಾ ನಾವು ಮಾತಾಡಿದ್ದೆಲ್ಲ ತಿಳಿದುಕೊಂಡು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಮನೆಯಲ್ಲಿ ನಮ್ಮದು ಕೊಂಕಣಿ. ಓದುಗರಿಗಾಗಿ ಅದನ್ನು ನಮ್ಮ ಕಡೆಯ ಕನ್ನಡಕ್ಕೆ ಇಳಿಸಿದ್ದೇನೆ.

ಬೆಳ್ತಂಗಡಿ ಕಡೆಯ ಕ್ರಿಶ್ಚಿಯನ್ನರು ಮೆಲ್ಬರ್ನಿಗೆ ಬಂದರೆ ಬ್ಯಾಡ್ಮಿಂಟನ್ ಆಡುತ್ತಾರೆ, ಚರ್ಚಿನ ಕಾಯರಿನಲ್ಲಿ ಹಾಡುತ್ತಾರೆ, ಮನೆ ಕೊಂಡು ಮಾರ್ಟ್‌ಗೇಜಿನ ಬಡ್ಡಿಯ ಬಗ್ಗೆ ಮಾತಾಡುತ್ತಾರೆ. ವಿನ್ಸೆಂಟ್ ಎರಡು ವರ್ಷದ ಹಿಂದೆ ಕೇಪಿನ ಕೋವಿಯವರ ಕ್ಲಬ್ಬಿಗೆ ಸೇರಿದ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಈ ಕೋವಿಗೆ ತೋಟೆ ಇಲ್ಲ. ನಳಿಗೆಯ ಬಾಯಿಂದಲೇ ಮದ್ದು ಸುರಿದು, ಎಣ್ಣೆಜಿಡ್ಡು ಸವರಿದ ಪುಟ್ಟ ಬಟ್ಟೆಯಲ್ಲಿ ಸೀಸದ ಗುಂಡನ್ನು ಸುತ್ತಿ, ಗಜದ ಕೋಲಿನಿಂದ ತಳದವರೆಗೆ ನೂಕಿ, ಹಿಂಬದಿಯಲ್ಲಿ ಕಿಡಿ ಹತ್ತಿಸುವ ಕೇಪಿನ ಪುಟ್ಟ ಟೋಪಿ ಇಟ್ಟು, ಕುದುರೆ ಎಂಬ ಕೀಲನ್ನು ಒತ್ತಬೇಕು. ಆ ಬಟ್ಟೆಗೆ ಪ್ಯಾಚ್ ಎನ್ನುತ್ತಾರೆ. ಜಿಡ್ಡು ಸರಿಯಿದ್ದರೆ ಮದ್ದಿನ ಮಸಿ ಮೆತ್ತಗಿರುತ್ತದೆ, ಮುಂದಿನ ಗುಂಡು ಸಲೀಸಾಗಿ ಇಳಿಯುತ್ತದೆ. ಸರಿಯಿಲ್ಲದಿದ್ದರೆ ನಾಲ್ಕನೇ ಗುಂಡಿಗೇ ನಳಿಗೆ ಗಂಟಲು ಕಟ್ಟಿಕೊಂಡು ಕೂರುತ್ತದೆ.

ವಿನ್ಸೆಂಟನ ಕೋವಿಗೆ ಆಗುತ್ತಿದ್ದದ್ದು ಅದೇ. ಅಕ್ಟೋಬರಿನಲ್ಲಿ ಸಿಡ್ನಿಯ ಕ್ಲಬ್ಬಿನ ಜೊತೆ ಪಂದ್ಯ ಇತ್ತು. ಆರು ಮಂದಿಯ ತಂಡದಲ್ಲಿ ಐವರ ಹೆಸರು ಆಗಿಹೋಗಿತ್ತು. ಆರನೆಯ ಜಾಗಕ್ಕೆ ವಿನ್ಸೆಂಟ್, ಇಲ್ಲವಾದರೆ ಇನ್ನೊಬ್ಬ.

“ಗುರಿ ನಂದು ಒಳ್ಳೇದುಂಟು ಭಾವ,” ಎಂದ ಅವನು ಮೊದಲ ದಿನವೇ. “ಪ್ಯಾಚಿನ ಲ್ಯೂಬ್, ಆ ಜಿಡ್ಡು ಒಂದು ಸೆಟ್ ಆಗ್ಲಿಲ್ಲ. ಆಫೀಸಲ್ಲಿ ನನ್ನನ್ನು ಯಾವ ಟೀಮಿಗೂ ಯಾರೂ ಕರೀಲಿಲ್ಲ ಇಷ್ಟು ವರ್ಷ. ಇದೊಂದಕ್ಕೆ ಹೋಗ್ಬೇಕು ಅಂತ ಆಸೆ.”

“ಅದಕ್ಕೆಂತ ಮಂಡೆಬಿಸಿ? ನಾನಿದ್ದೇನಲ್ಲ,” ಎಂದೆ.

ನಾನು ಯಾಕೆ ಹಾಗೆ ಹೇಳಿದೆ ಎಂದು ನೀವು ಕೇಳಬಹುದು. ನಮ್ಮ ತಾಲೂಕು ಕಚೇರಿಯಲ್ಲಿ ಬೆಳೆ ರಕ್ಷಣೆಯ ಕೋವಿಗಳ ಪರವಾನಗಿ ನವೀಕರಿಸುವ ಕಡತ ನೋಡುತ್ತಿದ್ದವನು ನಾನು. ಇಡೀ ತಾಲೂಕಿನ ಕೋವಿಗಳ ನಂಬರು ನನಗೆ ಬಾಯಿಪಾಠ. ನಮ್ಮ ಅಪ್ಪನ ಹತ್ತಿರವೂ ಒಂದು ಕೇಪಿನ ಕೋವಿ ಇತ್ತು. ಪಂಚಾಯತಿ, ವಿಧಾನಸಭೆ, ಲೋಕಸಭೆ ಎಂದು ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಒಪ್ಪಿಸಬೇಕು. ಹಾಗಾಗಿ ಅದು ನಮ್ಮ ಮನೆಗಿಂತ ಪೊಲೀಸರ ಮನೆಯಲ್ಲಿ ಹೆಚ್ಚು ಬಾಳಿತು. ನಾನು ಅದನ್ನು ಹೊಡೆದದ್ದು ಮೂರು ಸಲ, ಮೂರೂ ಸಲ ಹಂದಿ ಕ್ಷೇಮವಾಗಿ ಮನೆಗೆ ಹೋಗಿದೆ.

ರೇಂಜ್, ಮೊದಲ ಭಾನುವಾರ

ಭಾನುವಾರದ ಪೂಜೆಯನ್ನು ಶನಿವಾರ ಸಂಜೆಯೇ ಮುಗಿಸಿಕೊಂಡು ವಿನ್ಸೆಂಟ್ ರೇಂಜಿಗೆ ಹೋಗುತ್ತಾನೆ. ದೇವರಿಗೆ ಇದರಿಂದ ಬೇಸರವಿಲ್ಲವಂತೆ, ಜೆಸ್ಸಿಗೆ ಇದೆ. ಊರ ಹೊರಗೆ ಬೋಳು ಗುಡ್ಡದ ಬುಡದಲ್ಲಿ ತಗಡಿನ ಮಾಡು, ಉದ್ದ ಬೆಂಚು, ಎದುರಿಗೆ ಗುರಿ ಹಲಗೆಗಳು. ಸೆಪ್ಟೆಂಬರ್ ಅಂದರೆ ಇಲ್ಲಿ ವಸಂತ ಎಂದಿದ್ದರು. ಆ ವಸಂತದಲ್ಲಿ ನನ್ನ ಕಿವಿ ಎರಡೂ ಇದ್ದಾವೋ ಇಲ್ಲವೋ ಎಂದು ಆಗಾಗ ಮುಟ್ಟಿ ನೋಡಿಕೊಳ್ಳಬೇಕಾಯಿತು.

ಇಪ್ಪತ್ತು ಮಂದಿ ಇದ್ದರು, ಹೆಚ್ಚಿನವರು ನನ್ನ ಪ್ರಾಯದವರು. ಅವರೆಲ್ಲ ಕೋವಿ ಹೊಡೆಯಲು ಬರುತ್ತಾರೆ ಎಂದುಕೊಂಡಿದ್ದೆ. ಅವರು ಬರುವುದು ಜಿಡ್ಡಿನ ಬಗ್ಗೆ ಜಗಳವಾಡಲು. ಒಬ್ಬನಿಗೆ ಆಲಿವ್ ಎಣ್ಣೆ ಮತ್ತು ಜೇನುಮೇಣ, ಒಬ್ಬನಿಗೆ ಕುರಿಯ ಕೊಬ್ಬು, ಒಬ್ಬನಿಗೆ ನೀರಿನಲ್ಲಿ ಬೆರೆಸಿದ ಸಾಬೂನು. ಇನ್ನೊಬ್ಬ ಬರೀ ಉಗುಳು. ಅವನು ಪ್ಯಾಚನ್ನು ಬಾಯಲ್ಲಿಟ್ಟುಕೊಂಡೇ ತನ್ನ ಪಕ್ಷವನ್ನು ವಾದಿಸುತ್ತಿದ್ದ. ನಮ್ಮಲ್ಲಿ ಬಂಗುಡೆ ಸಾರಿಗೆ ಶುಂಠಿ ಹಾಕಬೇಕೋ ಬೇಡವೋ ಎಂದು ಎರಡು ಮನೆಗಳು ಮಾತು ಬಿಟ್ಟದ್ದನ್ನು ನಾನು ಬಲ್ಲೆ. ಇದು ಅದೇ ಜಾತಿಯ ಜಗಳ.

ಎಲ್ಲರಿಗೂ ಹಿರಿಯ ಕೆನ್. ಎಂಬತ್ತರ ಹತ್ತಿರದ ನಿವೃತ್ತ ಪ್ಲಂಬರ್. ಅವನ ಬಳಿ ರಟ್ಟು ಹೊದಿಸಿದ ಒಂದು ನೋಟ್‌ಬುಕ್ ಇದೆ. ಯಾರ ಮಿಶ್ರಣ ಅವನಿಗೆ ಒಪ್ಪಿಗೆಯಾಗುತ್ತದೋ ಅದಕ್ಕೆ ಒಂದು ಪುಟ, ಪುಟದ ನೆತ್ತಿಯ ಮೇಲೆ ಆ ಮನುಷ್ಯನ ಊರಿನ ಹೆಸರು. ಕಾರಿನ ಎಣ್ಣೆಯನ್ನು ಮಾತ್ರ ಅವನು ಹತ್ತಿರಕ್ಕೂ ಸೇರಿಸುವುದಿಲ್ಲ; ಮಸಿಯ ಜೊತೆ ಸೇರಿ ಅದು ಡಾಂಬರಾಗುತ್ತದೆ. ಉಪ್ಪು ಬಿದ್ದರೆ ತುಕ್ಕು. “ನಾಲಿಗೆಗೆ ಒಗ್ಗದ್ದನ್ನು ನಳಿಗೆಗೂ ಹಾಕಬೇಡಿ,” ಎನ್ನುತ್ತಾನೆ.

ಕ್ಲಬ್ಬಿನ ಕಾರ್ಯದರ್ಶಿ ಡೆಬ್ ಎಂಬ ಹೆಂಗಸು ನನ್ನ ಕೈಕುಲುಕಿ, ಬೆಂಚಿನ ಕೊನೆಗೆ ಕರೆದುಕೊಂಡು ಹೋಗಿ ಎರಡು ಡಬ್ಬಿ ತೋರಿಸಿದಳು. ಒಂದರಲ್ಲಿ ಕ್ಲಬ್ಬಿನವರಿಗೆಲ್ಲ ಕೊಬ್ಬಿನ ಜಿಡ್ಡು. ಇನ್ನೊಂದರ ಮೇಲೆ ನಮ್ಮ ಬಿಸ್ಕತ್ ಪೊಟ್ಟಣದಲ್ಲಿ ಇರುತ್ತದಲ್ಲ, ಅಂಥ ಹಸಿರು ಚುಕ್ಕೆ.

“ಇದು ವಿನ್ಸ್‌ಗೆ. ಬರೀ ಸಸ್ಯದ್ದು,” ಎಂದು ಸ್ವರ ತಗ್ಗಿಸಿದಳು. “ಸಾವಿರದ ಎಂಟುನೂರ ಐವತ್ತೇಳರ ವಿಷಯ ಓದಿದ್ದೇನೆ. ದನದ ಕೊಬ್ಬು, ಹಂದಿಯ ಕೊಬ್ಬು, ಸಿಪಾಯಿಗಳು. ನಮ್ಮ ಕ್ಲಬ್ಬಿನಲ್ಲಿ ಅಂಥ ನೋವು ಯಾರಿಗೂ ಆಗಬಾರದು.”

ನಮ್ಮ ಮನೆಯಲ್ಲಿ ಕ್ರಿಸ್‌ಮಸ್ಸಿಗೆ ಹಂದಿ, ಮದುವೆಗೆ ದನ. ಎರಡಕ್ಕೂ ದಂಗೆ ಎದ್ದವರಿಲ್ಲ, ಸಾಲದೆ ಬಂದಾಗ ಮಾತ್ರ ಸ್ವಲ್ಪ ಗಲಾಟೆಯಾಗಿದೆ. ನಾನು ಬಾಯಿ ತೆರೆಯುವಷ್ಟರಲ್ಲಿ ವಿನ್ಸೆಂಟ್ ನನ್ನ ಅಂಗಿ ಎಳೆದ.

“ಸುಮ್ಮನಿರಿ ಭಾವ. ಎರಡು ವರ್ಷದಿಂದ ನಾನು ಹೇಳ್ಲಿಲ್ಲ. ಪಾಪ, ನನಗೋಸ್ಕರ ಬೇರೆ ಡಬ್ಬಿ ಮಾಡಿ ಇಡ್ತಾಳೆ.”

ನಾನು ಸಿಪಾಯಿಗಳ ವಂಶಸ್ಥನ ಮುಖ ಮಾಡಿಕೊಂಡು ಡೆಬ್‌ಗೆ ವಂದಿಸಿದೆ.

ಚಾ ಹೊತ್ತಿಗೆ ಕೆನ್ ನನ್ನ ಎದುರು ಬಂದು ಕೂತ. ವಿನ್ಸೆಂಟ್ ಮೊದಲೇ ಡಂಗುರ ಸಾರಿದ್ದ, ಭಾವನ ಮನೆಯಲ್ಲಿ ಕೇಪಿನ ಕೋವಿ ಇತ್ತು ಎಂದು. ಇಲ್ಲಿ ಆ ಕೋವಿ ಮ್ಯೂಸಿಯಮ್ಮಿನ ವಸ್ತು. ನಮ್ಮಲ್ಲಿ ಅದು ಹಂದಿ ಓಡಿಸುವ ಸಾಮಾನು ಎಂದು ಕೇಳಿ ಅವರಿಗೆ ರೋಮಾಂಚನವಾಗಿತ್ತು.

“ಹೇಳು ಮೇಟ್, ನಿಮ್ಮ ಊರಿನಲ್ಲಿ ಪ್ಯಾಚಿಗೆ ಏನು ಹಾಕುತ್ತೀರಿ?” ಎಂದು ಕೆನ್ ನೋಟ್‌ಬುಕ್ ತೆರೆದ. ಉಗುಳಿನವನು ಪ್ಯಾಚನ್ನು ಬಾಯಿಂದ ತೆಗೆದ. ಐದಾರು ಬಿಳಿ ತಲೆಗಳು ನನ್ನತ್ತ ಬಾಗಿದವು.

ನಿಜ ಇಷ್ಟೇ. ನಮ್ಮ ಊರಿನಲ್ಲಿ ಪ್ಯಾಚೂ ಇಲ್ಲ, ಜಿಡ್ಡೂ ಇಲ್ಲ. ನಮ್ಮದು ಒಳಗೆ ನುಣ್ಣನೆಯ ನಳಿಗೆ. ಮದ್ದು ಹಾಕಿ, ಒಂದು ಹಿಡಿ ತೆಂಗಿನ ನಾರು ತುರುಕಿ, ಸೀಸದ ಚರೆ ಸುರಿದು, ಮೇಲೆ ಇನ್ನೊಂದಿಷ್ಟು ನಾರು ತುರುಕಿದರೆ ಮುಗಿಯಿತು. ಜೇನುಮೇಣ ತಂದದ್ದು ಕೂಡ ವಿನ್ಸೆಂಟ್ ಫೋನಿನಲ್ಲಿ ಕೇಳಿದ ಎಂದು. ಅದನ್ನೇ ಹೇಳಿ ಚಾ ಕುಡಿಯಬಹುದಿತ್ತು. ಆದರೆ ವಿನ್ಸೆಂಟ್ ಪಕ್ಕದಲ್ಲಿ ಕಣ್ಣರಳಿಸಿ ನಿಂತಿದ್ದ. ಮತ್ತೆ, ಯಾಕೆ ಸುಳ್ಳು ಹೇಳಲಿ, ಅಷ್ಟು ಮಂದಿ ಬಿಳಿಯರು ನನ್ನ ಮಾತಿಗೆ ಕಾದು ಕೂತದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

“ತೆಂಗಿನೆಣ್ಣೆ,” ಎಂದೆ. “ಮತ್ತು ಜೇನುಮೇಣ. ಎರಡು ಪಾಲಿಗೆ ಒಂದು ಪಾಲು. ನನ್ನ ಅಜ್ಜನ ಲೆಕ್ಕ.”

ಅಜ್ಜ ಕೋವಿಯ ಸದ್ದು ಕೇಳಿದರೆ ಕಿವಿ ಮುಚ್ಚಿ ಒಳಗೆ ಓಡುತ್ತಿದ್ದ ಮನುಷ್ಯ. ಕೆನ್ ಮಾತ್ರ ಗಂಭೀರವಾಗಿ ಹೊಸ ಪುಟ ತಿರುವಿ, ನೆತ್ತಿಯ ಮೇಲೆ ‘ಮಂಗಳೂರು’ ಎಂದು ಬರೆದು, ಕಾಗುಣಿತ ಸರಿಯೇ ಎಂದು ವಿನ್ಸೆಂಟನಿಗೆ ತೋರಿಸಿದ. ವಿನ್ಸೆಂಟ್ ಅದನ್ನು ತುಂಬ ಹೊತ್ತು ನೋಡಿದ.

ಜೆಸ್ಸಿಯ ಅಡುಗೆಮನೆ

ಹೀಗೆ ನಮ್ಮ ಪುರಾತನ ವಿದ್ಯೆಯನ್ನು ಕಂಡುಹಿಡಿಯುವ ಕೆಲಸ ಆ ವಾರ ಶುರುವಾಯಿತು. ತೆಂಗಿನೆಣ್ಣೆ ಕ್ಲೇಟನ್ನಿನ ಶ್ರೀಲಂಕಾದವರ ಅಂಗಡಿಯಿಂದ ಬಂತು. ನಮ್ಮ ಬೆಟ್ಟದ ಜೇನುಮೇಣ ಅಧಿಕಾರಿಗಳ ವಶದಲ್ಲಿದ್ದುದರಿಂದ ಆಸ್ಟ್ರೇಲಿಯಾದ ಜೇನುನೊಣಗಳ ಮೇಣವನ್ನೇ ತಂದೆವು. ಪ್ಯಾಚಿಗೆ ನನ್ನ ಮೈ ಒರೆಸುವ ಬೈರಾಸನ್ನು ಬಲಿಕೊಟ್ಟೆ. ಮಂಗಳೂರು ಮೇಣದಲ್ಲಿ ಮಂಗಳೂರಿನದ್ದು ಎನ್ನಲು ಇದ್ದದ್ದು ಅದೊಂದೇ.

ಜೆಸ್ಸಿ ಬಾಗಿಲಲ್ಲಿ ನಿಂತು ಕೈ ಕಟ್ಟಿಕೊಂಡಳು. ಹಿಂದೊಮ್ಮೆ ವಿನ್ಸೆಂಟ್ ಇಲ್ಲಿ ಕುರಿ ಕೊಬ್ಬು ಕಾಯಿಸಿ, ಹೊಗೆಯ ಅಲಾರಾಂ ಕೂಗಿ, ಅಗ್ನಿಶಾಮಕದವರು ಬಂದಿದ್ದರಂತೆ.

“ಅಣ್ಣ, ಅವನಿಗೆ ಬುದ್ಧಿ ಹೇಳ್ತಿ ಅಂತ ನಾನು ನಿನ್ನನ್ನು ಟಿಕೆಟ್ ಮಾಡಿ ಕರೆಸಿದ್ದು. ನೀನೇ ಸೌಟು ಹಿಡ್ಕೊಂಡು ನಿಂತಿದ್ದಿ.”

“ಇದು ವೆಜ್, ಜೆಸ್ಸಿ.”

“ಇಡ್ಲಿ ಪಾತ್ರೆ ತೆಗೆದ್ರೆ ನಾನು ಕೊಲ್ತೇನೆ ಇಬ್ಬರನ್ನೂ.”

ಅವಳು ಡ್ಯೂಟಿಗೆ ಹೋದ ಮೇಲೆ ಇಡ್ಲಿ ಪಾತ್ರೆ ತೆಗೆದೆವು. ತಳದಲ್ಲಿ ನೀರು, ಮೇಲೆ ಡಬ್ಬಿ, ಡಬ್ಬಿಯಲ್ಲಿ ಮೇಣ. ಕರಗಿದ ಮೇಲೆ ಎಣ್ಣೆ ಸುರಿದು ತಿರುವಿದೆ. ಬೈರಾಸಿನ ತುಂಡುಗಳನ್ನು ಅದ್ದಿ, ಹಿಂಡಿ, ತಟ್ಟೆಯ ಮೇಲೆ ಹರಡಿದೆವು. ಶಾಲೆಯಿಂದ ಬಂದ ರಿಯಾ ಮೂಗು ಮುಚ್ಚಿಕೊಂಡು “ಸ್ಮೆಲ್ಸ್ ಲೈಕ್ ಗ್ರ್ಯಾಂಡ್ಮಾಸ್ ಹೇರ್” ಎಂದಳು. ನನಗೆ ಅದು ಹೊಗಳಿಕೆಯಾಗಿಯೇ ಕೇಳಿತು. ಬೆರಳಿನಿಂದ ಒತ್ತಿ ನೋಡಿದರೆ ಬೆಣ್ಣೆಯ ಹಾಗೆ ಹದವಾಗಿತ್ತು. ವಿನ್ಸೆಂಟ್ ನನ್ನನ್ನು ತಬ್ಬಿಕೊಂಡ. ಮನೆಯಲ್ಲಿ ಹೀಟರ್ ಉರಿಯುತ್ತಿದೆ ಎಂಬುದು ಇಬ್ಬರ ತಲೆಗೂ ಹೋಗಲಿಲ್ಲ.

ರೇಂಜ್, ಎರಡನೆಯ ಭಾನುವಾರ

ಬೆಳಿಗ್ಗೆ ಎಂಟಕ್ಕೆ ರೇಂಜಿನ ಹುಲ್ಲಿನ ಮೇಲೆ ಇಬ್ಬನಿ ಗಟ್ಟಿಯಾಗಿ ಕೂತಿತ್ತು. ವಿನ್ಸೆಂಟ್ ಡಬ್ಬಿ ತೆರೆದ. ಒಳಗೆ ಬೆಣ್ಣೆ ಇರಲಿಲ್ಲ, ಹಂಚಿನ ತುಂಡುಗಳಿದ್ದವು. ತೆಂಗಿನೆಣ್ಣೆ ಚಳಿಗೆ ಹೆಪ್ಪುಗಟ್ಟುತ್ತದೆ ಎಂದು ತಲೆಗೆ ಎಣ್ಣೆ ಹಚ್ಚಿಕೊಂಡ ಯಾವ ಮಗುವಿಗೂ ಗೊತ್ತು. ಕೋವಿ ಎಂದೊಡನೆ ನಮ್ಮಿಬ್ಬರಿಗೂ ಅದು ಮರೆತೇಹೋಗಿತ್ತು.

ಗುಂಡು ಅರ್ಧ ನಳಿಗೆಗೆ ಇಳಿದು ನಿಂತಿತು. ಮೇಲೂ ಇಲ್ಲ, ಕೆಳಗೂ ಇಲ್ಲ. ಹಾಗೆ ನಡುವೆ ನಿಂತ ಗುಂಡಿನ ಕೋವಿಯನ್ನು ಹಾರಿಸಿದರೆ ನಳಿಗೆಯೇ ಸಿಡಿಯುತ್ತದೆ. ಸೀಟಿ ಊದಿದರು. ಇಪ್ಪತ್ತು ಕೋವಿ ಕೆಳಗಿಟ್ಟು ಎಲ್ಲರೂ ನಮ್ಮನ್ನೇ ನೋಡುತ್ತ ನಿಂತರು. ಕೆನ್ ತನ್ನ ಸಲಕರಣೆ ತಂದು, ಹಲ್ಲು ಕೀಳುವವರ ತಾಳ್ಮೆಯಿಂದ ಗುಂಡನ್ನು ಹೊರಗೆಳೆದ.

“ನಿಮ್ಮ ಊರಿನಲ್ಲಿ ಎಷ್ಟು ಸೆಕೆ?” ಎಂದು ನನ್ನನ್ನು ಕೇಳಿದ.

“ವರ್ಷವಿಡೀ,” ಎಂದೆ.

ಅವನು ಬೈಯಲಿಲ್ಲ. ಪ್ಯಾಚುಗಳನ್ನು ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡು ಮೈಬಿಸಿಗೆ ಮೆತ್ತಗಾಗಿಸು ಎಂದು ವಿನ್ಸೆಂಟನಿಗೆ ಹೇಳಿದ. ನಾನು ಅಷ್ಟಕ್ಕೆ ಬಿಡುತ್ತೇನೆಯೇ? ಆ ವಾರ ಅರ್ಧ ಬಾಟಲಿ ಹರಳೆಣ್ಣೆ ಸುರಿದು ಮಿಶ್ರಣವನ್ನು ತೆಳ್ಳಗೆ ಮಾಡಿದೆ. ಮುಂದಿನ ಭಾನುವಾರ ಕೆನ್ ಕೇಳಿದಾಗ, ಮಳೆಗಾಲದಲ್ಲಿ ಅಜ್ಜ ಹರಳೆಣ್ಣೆ ಸೇರಿಸುತ್ತಿದ್ದ ಎಂದು ಹೇಳಿಬಿಟ್ಟೆ. ಅಜ್ಜ ಹರಳೆಣ್ಣೆಯನ್ನು ಎಲ್ಲಿಗೆ ಬಳಸುತ್ತಿದ್ದ ಎಂಬುದು ನಮ್ಮ ಮನೆಯವರಿಗೆ ಮಾತ್ರ ಗೊತ್ತು. ಕೆನ್ ಅದನ್ನೂ ಪುಟಕ್ಕೆ ಸೇರಿಸಿದ.

ಆ ದಿನ ವಿನ್ಸೆಂಟ್ ಹತ್ತಕ್ಕೆ ಹತ್ತು ಗುಂಡನ್ನೂ ಗೀರು ಬೀಳದ ಹಾಗೆ ಇಳಿಸಿದ. ಹತ್ತೂ ಕಪ್ಪು ವೃತ್ತದ ಒಳಗೆ. ಚಾ ಹೊತ್ತಿಗೆ ಡೆಬ್ ಆರನೆಯ ಹೆಸರು ಓದಿದಾಗ ಅವನು ಎದ್ದುನಿಂತ, ಶಾಲೆಯಲ್ಲಿ ಹಾಜರಿ ಕೂಗಿದಾಗ ನಿಲ್ಲುತ್ತೇವಲ್ಲ, ಹಾಗೆ.

ಸಿಡ್ನಿ

ಮೆಲ್ಬರ್ನಿನ ಹವೆ ಸಿಡ್ನಿಯವರಿಗೆ ತಮಾಷೆ, ಸಿಡ್ನಿಯ ಕಾಫಿ ಮೆಲ್ಬರ್ನಿನವರಿಗೆ ತಮಾಷೆ. ಮಂಗಳೂರಿನವರೂ ಉಡುಪಿಯವರೂ ಒಬ್ಬರ ಸಾಂಬಾರನ್ನು ಇನ್ನೊಬ್ಬರು ನೋಡುವ ಕಣ್ಣು ಇದು. ಹಿಂದಿನ ದಿನ ಸಂಜೆ ವಿನ್ಸೆಂಟ್ ನನಗೆ ಬಂದರು, ಸೇತುವೆ, ನೀರಿನ ಮೇಲೆ ಚಿಪ್ಪುಗಳ ಹಾಗೆ ನಿಂತ ನಾಟಕದ ಮನೆ ಎಲ್ಲ ತೋರಿಸಿದ. ಚೆನ್ನಾಗಿತ್ತು. ಆದರೆ ಅವನು ಸೇತುವೆಯ ಮೇಲೆ ನಿಂತು ಮಾತಾಡಿದ್ದು ನಾಳೆಯ ಗಾಳಿಯ ದಿಕ್ಕಿನ ಬಗ್ಗೆ.

ಮರುದಿನ ಗಾಳಿ ಮರುಭೂಮಿಯ ಕಡೆಯಿಂದ ಬಂತು. ಊರಿನ ಪಶ್ಚಿಮಕ್ಕೆ ಇದ್ದ ಆ ರೇಂಜಿನಲ್ಲಿ ಬೆಳಿಗ್ಗೆ ಹತ್ತಕ್ಕೇ ನಮ್ಮ ಏಪ್ರಿಲ್ ತಿಂಗಳ ಸೆಕೆ. ನನಗೆ ಮೊದಲ ಬಾರಿ ಈ ದೇಶ ಹಿಡಿಸಿತು. ಅಂಗಿಯ ಗುಂಡಿ ಬಿಚ್ಚಿ ನೆರಳಿನಲ್ಲಿ ಕೂತೆ. ಕಾರಿನ ಡಿಕ್ಕಿಯಲ್ಲಿದ್ದ ಡಬ್ಬಿಯಲ್ಲಿ ಮಂಗಳೂರು ಮೇಣ ಏನಾಗುತ್ತಿದೆ ಎಂದು ನೋಡುವ ಬುದ್ಧಿ ಬರಲಿಲ್ಲ.

ಎರಡೂ ಕಡೆ ಆರಾರು ಮಂದಿ, ತಲಾ ಹತ್ತು ಗುಂಡು. ವಿನ್ಸೆಂಟನದು ಕೊನೆಯ ಸರದಿ. ಡಬ್ಬಿ ತೆರೆದಾಗ ಪ್ಯಾಚುಗಳು ಎಣ್ಣೆಯಲ್ಲಿ ಈಜುತ್ತಿದ್ದವು. ಅವನು ನನ್ನತ್ತ ನೋಡಿದ. ನಾನು ಹಿಂಡಿ ಹಾಕು ಎಂದು ಸನ್ನೆ ಮಾಡಿದೆ. ಹಿಂಡಿ ಹಿಂಡಿ ಒಂಬತ್ತು ಗುಂಡು ಹೊಡೆದ. ಮದ್ದು ಹಾಕಿ, ಗುಂಡು ಇಳಿಸಿ, ಒಡನೆ ಹೊಡೆದರೆ ಎಣ್ಣೆಗೆ ಕೆಳಗೆ ಹರಿಯಲು ಸಮಯ ಸಿಗುತ್ತಿರಲಿಲ್ಲ. ಒಂಬತ್ತರ ಕೊನೆಗೆ ಎರಡೂ ತಂಡದ ಅಂಕ ಸಮ. ಸಿಡ್ನಿಯವರ ಹತ್ತನೆಯದು ಹೊರವೃತ್ತಕ್ಕೆ ಬಿತ್ತು. ವಿನ್ಸೆಂಟ್ ಒಳವೃತ್ತಕ್ಕೆ ಒಂದು ತಾಗಿಸಿದರೆ ಪಂದ್ಯ ನಮ್ಮದು.

ಅವನು ಮದ್ದು ಸುರಿದ, ಗುಂಡು ಇಳಿಸಿದ, ಭುಜಕ್ಕೆ ಏರಿಸಿದ. ಸೀಟಿ ಕೇಳಿತು.

ಗುರಿ ಹಲಗೆಯ ಬುಡದಲ್ಲಿ ಒಂದು ಉಡ ನಡೆದು ಬರುತ್ತಿತ್ತು. ನಮ್ಮೂರಿನದಕ್ಕಿಂತ ದೊಡ್ಡದು, ಜಮೀನುದಾರನ ನಡಿಗೆ. ನಮ್ಮಲ್ಲಾದರೆ ಹತ್ತು ಮಂದಿ ಕೋಲು ಹಿಡಿದು ಓಡುತ್ತಿದ್ದರು, ಹನ್ನೊಂದನೆಯವನು ಮಸಾಲೆ ಅರೆಯುತ್ತಿದ್ದ. ಇಲ್ಲಿ ಅದಕ್ಕೆ ಕಾನೂನಿನ ರಕ್ಷಣೆ. ಕೇಪು ತೆಗೆಸಿ, ಕೋವಿಯನ್ನು ಗುಡ್ಡದತ್ತ ಮುಖ ಮಾಡಿ ಬೆಂಚಿನ ಮೇಲೆ ಇರಿಸಿದರು. ಹನ್ನೆರಡು ಮಂದಿ ಶೂಟರುಗಳು ಕೈ ಕಟ್ಟಿಕೊಂಡು ಒಂದು ಪ್ರಾಣಿಯ ಮರ್ಜಿ ಕಾದರು. ಅದು ಕೂತಿತು, ನಾಲಿಗೆ ಹೊರಹಾಕಿತು, ಕಣ್ಣು ಮುಚ್ಚಿತು. ಇಪ್ಪತ್ತು ನಿಮಿಷದ ಮೇಲೆ ಎದ್ದು ಹೋಯಿತು. ಅಷ್ಟೂ ಹೊತ್ತು ಕೋವಿ ಬಿಸಿಲಿನಲ್ಲಿ ಕಾಯಿತು, ಒಳಗೆ ನನ್ನ ಅಜ್ಜನ ಮೇಣ ನಿಧಾನವಾಗಿ ಮದ್ದಿಗೆ ಇಳಿಯಿತು.

ವಿನ್ಸೆಂಟ್ ಗುರಿ ಹಿಡಿದು ಕುದುರೆ ಒತ್ತಿದ. ‘ಟಪ್’ ಎಂದು ಕೇಪು ಮಾತ್ರ ಸಿಡಿಯಿತು. ಹೊಸ ಕೇಪು, ಮತ್ತೆ ಟಪ್. ಮೂರನೆಯದಕ್ಕೂ ಟಪ್. ಸಮಯ ಮುಗಿಯಿತು. ಸಿಡ್ನಿಯವರು ಸಭ್ಯರು, ಸಾವಕಾಶವಾಗಿ ಚಪ್ಪಾಳೆ ತಟ್ಟಿದರು.

ಕೆನ್ ಗುಂಡನ್ನು ಎಳೆದು ತೆಗೆದು ನಳಿಗೆಯನ್ನು ಬಗ್ಗಿಸಿದ. ಮದ್ದು ಅರೆದ ಮಸಾಲೆಯಂತೆ ಮುದ್ದೆಯಾಗಿ ಬಿತ್ತು. ಅವನು ಅದನ್ನು ಬೆರಳಲ್ಲಿ ತಿಕ್ಕಿ ನೋಡಿ ತಲೆ ಅಲ್ಲಾಡಿಸಿದ.

“ಜಿಡ್ಡು ಹೆಚ್ಚಾಯಿತು, ವಿನ್ಸ್. ಕ್ರಮ ಏನೆಂದು ನಿನಗೆ ಗೊತ್ತು. ತನ್ನ ಕೈಯಾರೆ ಕೋವಿ ಕೆಡಿಸಿಕೊಂಡವನು ಮುಂದಿನ ವರ್ಷ ತಂಡದಲ್ಲಿ ಇಲ್ಲ.”

“ಗೊತ್ತು,” ಎಂದ ವಿನ್ಸೆಂಟ್. ಗಜದ ಕೋಲನ್ನು ಒರೆಸತೊಡಗಿದ. ಡೆಬ್ ಕಾಗದಕ್ಕೆ ಬರೆಯಲು ಪೆನ್ನು ತೆಗೆದಳು.

ನನಗೆ ತಡೆಯಲಾಗಲಿಲ್ಲ. ಎದ್ದು, ಬರುವಷ್ಟು ಇಂಗ್ಲಿಷಿನಲ್ಲಿ ಎಲ್ಲ ಹೇಳಿದೆ. ತಪ್ಪು ನನ್ನದು. ನಮ್ಮ ಊರಿನಲ್ಲಿ ಪ್ಯಾಚೇ ಇಲ್ಲ, ತೆಂಗಿನ ನಾರು ತುರುಕುತ್ತೇವೆ, ಸೀಸದ ಚರೆ ಹಾಕುತ್ತೇವೆ. ಅಜ್ಜ ಕೋವಿ ಮುಟ್ಟಿದವನಲ್ಲ. ಆ ಮೇಣ ನಾನು ಬೆಂಚಿನ ಮೇಲೆ ಕೂತು ಹುಟ್ಟಿಸಿದ್ದು. ವಿನ್ಸೆಂಟ್ ಭಾವನನ್ನು ನಂಬಿದ, ಅಷ್ಟೇ ಅವನ ತಪ್ಪು. ಬಾಯಿ ತೆರೆದದ್ದು ತೆರೆದಾಯಿತಲ್ಲ ಎಂದು ಡೆಬ್ ಕಡೆ ತಿರುಗಿ, ನಾವು ಹಂದಿಯನ್ನೂ ತಿನ್ನುತ್ತೇವೆ, ದನವನ್ನೂ ತಿನ್ನುತ್ತೇವೆ, ಹಸಿರು ಚುಕ್ಕೆ ಬೇಕಿರಲಿಲ್ಲ ಎಂದೂ ಸೇರಿಸಿದೆ.

ಡೆಬ್ ತೆರೆದ ಪೆನ್ನನ್ನು ಮತ್ತೆ ಮುಚ್ಚಿದಳು. ಆಮೇಲೆ ಉಗುಳಿನವನು ನಕ್ಕ, ಅವನ ಹಿಂದೆ ಎಲ್ಲರೂ ನಕ್ಕರು. ಡೆಬ್ ಕೂಡ ಕೆಂಪಾಗಿ ನಕ್ಕಳು. ಕೆನ್ ನೋಟ್‌ಬುಕ್ ತೆರೆದು, ಆ ಪುಟ ಹುಡುಕಿ, ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದ. ಪ್ಲಂಬರನ ಗೆರೆ, ಅಳತೆಪಟ್ಟಿ ಇಟ್ಟಷ್ಟು ನೇರ.

“ಹಾಗಾದರೆ ವಿನ್ಸ್‌ನ ತಪ್ಪಲ್ಲ. ಅವನು ತಂಡದಲ್ಲಿ ಇರುತ್ತಾನೆ,” ಎಂದ. ಕ್ಲಬ್ಬಿನ ಕೊಬ್ಬಿನ ಡಬ್ಬಿಯನ್ನು ವಿನ್ಸೆಂಟನ ಕೈಯಲ್ಲಿಟ್ಟು ಅವನ ಭುಜ ತಟ್ಟಿದ. “ಇನ್ನು ಎಲ್ಲರಿಗೂ ಇದೇ ಡಬ್ಬಿ, ಮೇಟ್. ಇನ್ನು ನೀನೂ ನಮ್ಮಲ್ಲೊಬ್ಬ.”

ವಿನ್ಸೆಂಟ್ ಡಬ್ಬಿ ತೆಗೆದುಕೊಂಡು ಥ್ಯಾಂಕ್ಸ್ ಹೇಳಿದ.

ಹೆದ್ದಾರಿ

ಮರಳುವ ದಾರಿಯಲ್ಲಿ ಅವನು ರಸ್ತೆಯಿಂದ ಕಣ್ಣು ತೆಗೆಯದೆ ಕಾರು ಓಡಿಸಿದ. ಪಂದ್ಯ ಸೋತ ಬೇಸರ ಎಂದುಕೊಂಡೆ. ನನಗಂತೂ ಒಳಗೊಳಗೆ ಹೆಮ್ಮೆ. ಇಷ್ಟು ಮಂದಿಯ ಎದುರು ಮಾನ ಕಳೆದುಕೊಂಡು ತಂಗಿಯ ಗಂಡನ ಜಾಗ ಉಳಿಸಿದ್ದೆ. ಜೆಸ್ಸಿಗೆ ಇದನ್ನು ಹೇಗೆ ಹೇಳಬೇಕು ಎಂದು ಮನಸ್ಸಿನಲ್ಲೇ ಎರಡು ಸಲ ಹೇಳಿ ನೋಡಿಕೊಂಡೆ. ಎರಡು ಗಂಟೆ ಕಳೆದ ಮೇಲೆ ಪೆಟ್ರೋಲ್ ಬಂಕಿನ ಹತ್ತಿರ ನಿಲ್ಲಿಸಿ ಮಾಂಸ ತುಂಬಿದ ಎರಡು ಪೈ ತಂದ. ಕಾರಿಗೆ ಒರಗಿ ತಿಂದೆವು.

“ಅಂತೂ ನಿನ್ನ ಜಾಗ ಹೋಗ್ಲಿಲ್ಲ ಮಾರಾಯ,” ಎಂದೆ.

“ನನಗೆ ಮೊದಲೇ ಗೊತ್ತಿತ್ತು ಭಾವ,” ಎಂದ ಅವನು.

“ಎಂತದು?”

“ಪ್ಯಾಚ್ ಇಲ್ಲ ಅಂತ. ಮದುವೆಯಾದ ವರ್ಷ ಮಾವ ಕೋವಿಗೆ ನಾರು ತುರುಕುವಾಗ ಪಕ್ಕದಲ್ಲಿ ನಿಂತು ಹಿಡ್ಕೊಂಡದ್ದು ನಾನೇ ಅಲ್ವಾ?”

ನನ್ನ ಬಾಯಲ್ಲಿದ್ದ ಪೈ ಅಲ್ಲೇ ನಿಂತಿತು. “ಮತ್ತೆ ಯಾಕೆ ಹೇಳ್ಲಿಲ್ಲ ನೀನು?”

ಅವನು ಕಾಗದದ ಚೀಲವನ್ನು ಮಡಚಿದ, ಮತ್ತೆ ಮಡಚಿದ.

“ಹದಿನಾಲ್ಕು ವರ್ಷದಲ್ಲಿ ‘ನಿಮ್ಮ ಊರಲ್ಲಿ ಇದನ್ನು ಹೇಗೆ ಮಾಡ್ತಾರೆ’ ಅಂತ ಇಲ್ಲಿ ನನ್ನನ್ನು ಯಾರೂ ಕೇಳ್ಲಿಲ್ಲ ಭಾವ. ಕೆನ್ ಒಬ್ಬ ಕೇಳಿದ. ನೀವು ಒಂದು ಹೇಳಿದ್ರಿ, ಅವ ಬರ್ಕೊಂಡ. ಮೇಲೆ ಮಂಗಳೂರು ಅಂತ ಬರೆದು ಸ್ಪೆಲ್ಲಿಂಗ್ ಸರಿಯುಂಟಾ ಅಂತ ನನ್ನ ಹತ್ರ ಕೇಳಿದ. ಒಂದು ವರ್ಷ ಟೀಮಲ್ಲಿ ಇಲ್ಲದಿದ್ರೆ ಎಂತ ಆಗ್ತಿತ್ತು? ಚಾ ಮಾಡಿ ಕೊಟ್ಟುಕೊಂಡು ಇರ್ತಿದ್ದೆ.”

ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಯಾರ ಮೇಲೆ ಸಿಟ್ಟು ಎಂದು ತಿಳಿಯಲಿಲ್ಲ.

“ಹಾಗಂತ ಸುಳ್ಳು ಎಷ್ಟು ದಿನ ವಿನ್ಸಿ? ನಿಜವಾಗಿ ನಮ್ಮೂರಲ್ಲಿ ಹೇಗೆ ಮಾಡ್ತಾರೆ ಅಂತಲೂ ಹೇಳಿದ್ದೇನಲ್ಲ. ತೆಂಗಿನ ನಾರು, ಚರೆ, ಎಲ್ಲ ಹೇಳಿದೆ.”

“ಹೇಳಿದ್ರಿ,” ಎಂದು ಅವನು ಕಾರಿನ ಬಾಗಿಲು ತೆಗೆದ. “ಅದನ್ನು ಅವ ಬರ್ಕೊಳ್ಳಲಿಲ್ಲ.”

ನಾನು ಅವನ ಪಕ್ಕ ಕೂತು ಬೆಲ್ಟ್ ಹಾಕಿಕೊಂಡೆ. ಮೆಲ್ಬರ್ನಿಗೆ ಇನ್ನೂ ಏಳು ಗಂಟೆಯ ದಾರಿ ಇತ್ತು.